ಟೀಪಾಯಿ ಇದ್ದ ಜಾಗ

"ರೀ, ಆ ಕಡೆ ಸರಿಯಾಗಿ ಹಿಡ್ಕೊಳ್ಳಿ, ಗಾಜು ಒಡೆದೋಗತ್ತೆ!" ಎಂದು ಸುಧಾ ಕೂಗುವಷ್ಟರಲ್ಲಿ ಗಂಡ ಗಂಗಾಧರನೂ ಪಕ್ಕದ ಮನೆಯವನೂ ಸೇರಿ ಟೀಪಾಯಿಯನ್ನು ಎತ್ತಿ ಗೋಡೆಗೆ ಒತ್ತರಿಸಿಯಾಗಿತ್ತು. ಒಳಗೆ ಅತ್ತೆಯ ಹೆಣ ಇಟ್ಟುಕೊಂಡು ನಾನು ಗಾಜಿನ ಚಿಂತೆ ಮಾಡುತ್ತಿದ್ದೇನಲ್ಲ ಎಂದು ಮರುಗಳಿಗೆಯೇ ಅವಳಿಗೆ ನಾಚಿಕೆಯಾಯಿತು. ಪುಣ್ಯಕ್ಕೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಾಪೆ ಹಾಸಿದರು. ಒಳರೂಮಿನಿಂದ ಹನುಮಂತಮ್ಮನನ್ನು ಎತ್ತಿ ತಂದು, ತಲೆ ದಕ್ಷಿಣಕ್ಕೆ ಮಾಡಿ, ಹಾಲ್‌ನ ನಟ್ಟನಡುವೆ ಮಲಗಿಸಿದರು.

ಗುಬ್ಬಿ ಪಕ್ಕದ ಆ ಊರಿನಲ್ಲಿ ಅಂಥ ಹಾಲ್ ಇನ್ನೊಂದಿರಲಿಲ್ಲ. ಫಾಲ್ಸ್ ಸೀಲಿಂಗು, ಅದರೊಳಗೆ ಅಡಗಿ ಕೂತ ಲೈಟುಗಳು, ಗೋಡೆ ತುಂಬ ಟೀವಿ ಯೂನಿಟ್ಟು, ಹಾಲ್‌ಗೂ ಅಡುಗೆಮನೆಗೂ ನಡುವೆ ಗೋಡೆಯೇ ಇಲ್ಲ. ಸುಧಾ ಹುಟ್ಟಿ ಬೆಳೆದದ್ದು ತುಮಕೂರಿನ ಸದಾಶಿವನಗರದಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ನಡುವೆ ಹಳೇ ಸೀರೆ ಕಟ್ಟಿದರೆ ಈಚೆಯದು ಹಾಲ್, ಆಚೆಯದು ರೂಮು. ಗಂಡನಿಗೆ ಬಿದರೆಹಳ್ಳಿ ಕಾವಲಿನ ಫ್ಯಾಕ್ಟರಿಯಲ್ಲಿ ಕೆಲಸ ಕಾಯಂ ಆಗಿ ಮನೆ ಕಟ್ಟುವ ಮಾತು ಬಂದಾಗ ಅವಳು ಕೇಳಿದ್ದು ಒಂದೇ ಒಂದು, ದೊಡ್ಡ ಹಾಲ್. ಆ ಹಾಲ್ ಈಗ ಜನರಿಂದ ತುಂಬಿಹೋಗಿತ್ತು.

ಗಂಗಾಧರನ ದೊಡ್ಡಪ್ಪ ಚಿಕ್ಕಮಾರಯ್ಯ ತಲೆಯ ಹತ್ತಿರ ಹಣತೆ ಹಚ್ಚಿಟ್ಟ. ಅದು ಆರಿತು.

"ಫ್ಯಾನ್ ನಿಲ್ಸ್ರಲಾ," ಎಂದ.

ಫ್ಯಾನ್ ನಿಲ್ಲಿಸಿದರು. ಮತ್ತೆ ಹಚ್ಚಿದ. ಮತ್ತೆ ಆರಿತು. ಕಿಟಕಿ ಮುಚ್ಚಿದರು, ಎಣ್ಣೆ ಬದಲಾಯಿಸಿದರು, ಬತ್ತಿ ದಪ್ಪ ಮಾಡಿದರು. ದೀಪ ಒಂದು ಗಳಿಗೆ ನೆಟ್ಟಗೆ ನಿಂತು, ಯಾರೋ ಕೆಳಗಿನಿಂದ ಎಳೆದುಕೊಂಡಂತೆ ಕುಗ್ಗಿ, ಆರಿಯೇ ಹೋಗುತ್ತಿತ್ತು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅದನ್ನೇ ನೋಡತೊಡಗಿದರು.

"ಇದೇನ್ ಗಾಚಾರನೋ," ಎಂದು ಚಿಕ್ಕಮಾರಯ್ಯ ಗೊಣಗಿದ. "ಇಲ್ಲಿ ದೀಪ ನಿಲ್ದೆ ಇದ್ರೆ ಮಣ್ಣಿಂದ ಬಂದೋರು ಏನ್ ನೋಡ್ಕಂಡು ಮನೆಗೋಗವಾ?"

ಮಣ್ಣಿಗೆ ಹೋದವರು ವಾಪಸು ಬಂದು, ಕಾಲು ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ಉರಿಯುವ ದೀಪವನ್ನು ನೋಡಿಯೇ ಅವರವರ ಮನೆಗೆ ಹೋಗಬೇಕು. ಆರಿದ ದೀಪ ನೋಡಿ ಹೋದವರ ಬೆನ್ನಿಗೆ ಸಾವೂ ಎದ್ದು ಹೋಗುತ್ತದೆಂದು ಊರಿನ ಹೆದರಿಕೆ. ಸುಧಾ ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಎದ್ದು ಹೋಗಿ ಕಿಟಕಿಗಳ ಚಿಲಕವನ್ನು ಇನ್ನೊಮ್ಮೆ ನೋಡಿದಳು.

ಅಷ್ಟರಲ್ಲಿ ಹನುಮಂತಮ್ಮನ ತಂಗಿ ಓಬಳಮ್ಮ ಬಂದಳು. ಅಮೃತೂರಿನಿಂದ ಬಸ್ಸು ಇಳಿದು ಬಸ್ಸು ಹತ್ತಿ ಬಂದಿದ್ದ ಮುದುಕಿ. "ನನ್ನ ಬುಟ್ಟೋದ್ಯಾ ಅಕ್ಕಾ..." ಎಂದು ಗೇಟಿನಿಂದಲೇ ರಾಗ ತೆಗೆದವಳು ಹೊಸಿಲು ದಾಟಿ ಕಣ್ಣೆತ್ತಿದವಳೇ ಗಕ್ಕನೆ ನಿಂತಳು.

"ಅಲ್ಯಾಕ್ರೋ ಮಡಗಿದ್ದೀರಿ? ಎತ್ರೋ! ಅಕ್ಕನ್ನ ಅಲ್ಲಿಂದ ಎತ್ರೋ!"

"ಒಂದ್ ಸಲ ಮಡಗಿದ್ ಮೇಲೆ ಚಟ್ಟಕ್ಕೇ ಎತ್ಬೇಕು. ಸುಮ್ಕಿರಮ್ಮಿ," ಎಂದು ಚಿಕ್ಕಮಾರಯ್ಯ ಗದರಿದ. ಗದರಿದನೇ ಹೊರತು ಅವಳ ಮುಖ ನೋಡಲಿಲ್ಲ.

*

ಮೊದಲಿದ್ದದ್ದು ಹೆಂಚಿನ ಮನೆ. ಮುಂದೆ ಜಗಲಿ, ಜಗಲಿಯ ಮುಂದೆ ಅಂಗಳ. ಒಳಗೆ ಒಂದು ಪಕ್ಕ ದನ, ಒಂದು ಪಕ್ಕ ಜನ. ಹನುಮಂತಮ್ಮ ಮದುವೆಯಾಗಿ ಬಂದಾಗ ನೆಲಕ್ಕೆ ಸಗಣಿ ಸಾರಿಸುತ್ತಿದ್ದರು. ಆಮೇಲೆ ಗಂಡ ಚಿಕ್ಕಬೋರಯ್ಯ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕ ವರ್ಷ ನೆಲಕ್ಕೆ ರೆಡ್ ಆಕ್ಸೈಡ್ ಹಾಕಿಸಿದ. ಮಗನ ಕಾಲಕ್ಕೆ ಮನೆಯೇ ನೆಲಸಮವಾಗಿ, ಸುಧಾಳ ಹಾಲ್ ಜಗಲಿಯನ್ನೂ ಅಂಗಳವನ್ನೂ ನುಂಗಿಕೊಂಡು ರಸ್ತೆಯವರೆಗೆ ಬಂತು.

ಯಾವುದಕ್ಕೂ ಮುದುಕಿ ಚಕಾರ ಎತ್ತಲಿಲ್ಲ. ದೀಪದ ಗೂಡಿದ್ದ ಗೋಡೆ ಕೆಡವಿದಾಗಲೂ ಇಲ್ಲ, ಒರಳುಕಲ್ಲು ಹಿತ್ತಿಲಿಗೆ ಎಸೆದಾಗಲೂ ಇಲ್ಲ. ಆದರೆ ನೆಲದ ಕೆಲಸ ನಡೆದಷ್ಟು ದಿನವೂ ಹಾಲ್‌ನಲ್ಲಿ ಚೇರು ಹಾಕಿಕೊಂಡು ಗಾರೆಯವನ ಎದುರಿಗೇ ಕೂತಳು. ಮಣ್ಣಲ್ಲಿ ಹೂತ ಒಂದು ಚಪ್ಪಡಿಯಿತ್ತು. "ಇದ್ರ ಮ್ಯಾಲೆ ಕಾಂಕ್ರೀಟ್ ಹಾಕ್ಬ್ಯಾಡ ಕಣಪ್ಪ, ಬರೀ ಮರಳು ಹಾಸು," ಎಂದಳಂತೆ. ಅವನು ಹಾಗೇ ಮಾಡಿದ. ಆ ಒಂದು ಟೈಲ್ಸು ಮಾತ್ರ ತಟ್ಟಿದರೆ ಟೊಳ್ಳು. ತುಮಕೂರಿನ ಶೋರೂಮುಗಳನ್ನೆಲ್ಲ ಸುತ್ತಿ ಆರಿಸಿ ತಂದ ಟೈಲ್ಸು! ಸುಧಾ ಗಾರೆಯವನ ಜನ್ಮ ಜಾಲಾಡಿದಳು.

ಟೀಪಾಯಿ ಬಂದಾಗ ಅದನ್ನು ಅಲ್ಲಿಗೇ ಇಡಬೇಕೆಂದು ಅತ್ತೆಯ ಹಟ. ಒರೆಸಲು ಸರಿಸಿದರೆ ಮತ್ತೆ ಎಳೆದು ಅಲ್ಲಿಗೇ ತರುವಳು. ಹಾಲ್ ಖಾಲಿಯಿದ್ದರೂ ಸೋಫಾದ ಹಿಂದೆ ಬಳಸಿಕೊಂಡು ಓಡಾಡುವಳು. ಮೊಮ್ಮಗಳು ಇಂಪನಾ ಆ ಕಡೆ ಕಾಲು ಚಾಚಿದರೆ, "ಕಾಲ್ ಮಡಿಚ್ಕೊ ಕೂಸೆ" ಎನ್ನುವಳು. ಮುದುಕರ ಚಾಳಿ ಎಂದು ಎಲ್ಲರೂ ನಕ್ಕು ಸುಮ್ಮನಾದರು.

ನಗಲಾಗದ್ದು ಸಂಜೆಯ ಹಣತೆ. ದಿನಾ ಟೀಪಾಯಿಯ ಕೆಳಗೆ ಹಚ್ಚಿಡುವಳು. ಎಣ್ಣೆ ಜಿಡ್ಡು ಟೈಲ್ಸಿನ ಸಂದಿಗೆ ಇಳಿದು ಕಪ್ಪಾಯಿತು. ಸುಧಾ ಬ್ರಷ್ಷು ಹಿಡಿದು ಉಜ್ಜಿ ಉಜ್ಜಿ ಸಾಕಾಗಿ, ಒಂದು ದಿನ ಕರೆಂಟಿನ ದೀಪ ತಂದು ಪ್ಲಗ್ಗಿಗೆ ಸಿಕ್ಕಿಸಿದಳು.

"ನೋಡಿ ಅತ್ತೆ, ಎಣ್ಣೆ ಬೇಡ, ಬತ್ತಿ ಬೇಡ. ಆರೋದೂ ಇಲ್ಲ. ಇನ್ಮೇಲೆ ನೆಲದ ಮೇಲೆ ಹಣತೆ ಇಡಬೇಡಿ."

ಹನುಮಂತಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ಇದ್ನ ಕೆಳಿಕ್ಕೆ ಇಳ್ಸಕ್ಕೆ ಆಯ್ತದಾ ಅವ್ವ?" ಎಂದಳು.

"ಅಷ್ಟುದ್ದ ವೈರಿಲ್ಲ ಅತ್ತೆ."

ಅಲ್ಲಿಗೆ ಹಣತೆ ನಿಂತಿತು. ಮುದುಕಿ ಹಾಸಿಗೆ ಹಿಡಿದ ಮೇಲೆ ಒಂದೇ ಜಪ. "ತತ್ತೀನಿ ಇರವ್ವ... ದೀಪ ತತ್ತೀನಿ, ಅಲ್ಲೇ ಇರು." ಪಾಪ, ಕತ್ತಲೆಗೆ ಹೆದರುತ್ತಾರೆಂದು ಸುಧಾ ಪ್ರತಿ ಸಲವೂ ಎದ್ದು ಸ್ವಿಚ್ ಒತ್ತುತ್ತಿದ್ದಳು. "ಲೈಟು ಹಾಕಿದೀನಿ ಅತ್ತೆ, ಮಲಕ್ಕೊಳ್ಳಿ."

*

ಗೋಡೆಯಿಲ್ಲದ ಅಡುಗೆಮನೆಯಲ್ಲಿ ಹೆಂಗಸರು ಒಂದು ಗುಟ್ಟು ಆಡುವಂತಿಲ್ಲ. ಸುಧಾ ಓಬಳಮ್ಮನನ್ನು ಹಿಂದಿನ ವಾಷಿಂಗ್ ಮೆಷಿನ್ನಿನ ಸಂದಿಗೆ ಎಳೆದುಕೊಂಡು ಹೋದಳು.

"ಚಿಕ್ಕತ್ತೆ, ಅಲ್ಲಿ ಏನಿದೆ?"

"ನಿನ್ ಗಂಡ ಹೇಳಿಲ್ವಾ?"

"ಅವರಿಗೆ ಗೊತ್ತಿದ್ರೆ ತಾನೇ ಹೇಳೋದು?"

ಓಬಳಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದು ಹಗೇವು ಕಣವ್ವ. ರಾಗಿ ತುಂಬೋ ಹಗೇವು. ನಿನ್ ಗಂಡ ಹುಟ್ಟಕ್ ಮುಂಚೆ ಅವ್ನಿಗೊಬ್ಳು ಅಕ್ಕ ಇದ್ಲು. ಗಂಗಿ, ಗಂಗಿ ಅಂತಿದ್ವಿ. ಪುಟ್ಟಗಂಗಮ್ಮ ಅವಳ ಹೆಸ್ರು."

*

ಹಗೇವಿನ ಬಾಯಿ ಕಿರಿದು, ಹೊಟ್ಟೆ ಅಗಲ. ಎರಡಾಳು ಆಳದ ಆ ಗುಂಡಿಯಲ್ಲಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿಟ್ಟ ಕಾಳಿನ ಕಾವಿಗೆ ಒಳಗಿನ ಗಾಳಿ ವಿಷವಾಗಿರುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಆ ಸೀಮೆಯ ಮಕ್ಕಳಿಗೂ ಇದು ಗೊತ್ತು. ಗಂಗಿಗೂ ಗೊತ್ತಿತ್ತು.

ಗಂಗಿ ಹಗೇವಿಗಿಳಿಯುವುದರಲ್ಲಿ ಚುರುಕು. ದೊಡ್ಡವರ ಭುಜ ಸಿಕ್ಕಿಕೊಳ್ಳುವ ಬಾಯಲ್ಲಿ ಅವಳು ಸಲೀಸಾಗಿ ನುಸುಳುವಳು. ಮಗಳಿಗೆ ಅನುಕೂಲವಾಗಲೆಂದು ಚಿಕ್ಕಬೋರಯ್ಯ ಅವಳ ಪಾದದ ಅಳತೆಗೇ ಒಳಗೋಡೆಯಲ್ಲಿ ಗುಳಿಗಳನ್ನು ತೋಡಿಕೊಟ್ಟಿದ್ದ.

ಆ ದಿನ ಹೊಸದಾಗಿ ಮದುವೆಯಾದ ಓಬಳಮ್ಮ ಗಂಡನನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಿದ್ದಳು. ಬೀಸಲು ರಾಗಿಯಿಲ್ಲ. ಹಗೇವು ತೆರೆದದ್ದು ಆಗಷ್ಟೇ, ಹಾಗೇ ಬಿಡಬೇಕಿತ್ತು. ಮೊದಲ ಸಲ ಮನೆಗೆ ಬಂದ ತಂಗಿಯ ಗಂಡನನ್ನು ಮುದ್ದೆಯಿಲ್ಲದೆ ಕೂರಿಸುವುದು ಹೇಗೆ?

"ದೀಪ ತತ್ತೀನಿ, ಅಲ್ಲೇ ಇರವ್ವ," ಎಂದು ಮಗಳಿಗೆ ಹೇಳಿ ಹನುಮಂತಮ್ಮ ಒಳಗೆ ಬಂದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಇಳಿಸಿದಳು. ತಂಗಿ ಏನೋ ಕೇಳಿದಳು, ನಗುತ್ತ ಉತ್ತರ ಹೇಳಿದಳು. ಬುಡ್ಡಿಗೆ ಎಣ್ಣೆ ಹುಯ್ದು, ಒಲೆಯಿಂದ ಕೊಳ್ಳಿ ತೆಗೆದು ಹಚ್ಚಿದಳು. ಹೊರಗಿನಿಂದ "ಅವ್ವಾ, ದೀಪ" ಎಂದು ಒಂದು ಸಲ ಕೇಳಿಸಿತು. "ಬಂದೆ," ಎಂದಳು. ದೀಪಕ್ಕೆ ಗಾಳಿ ಬಡಿಯದಂತೆ ಕೈ ಅಡ್ಡ ಹಿಡಿದು ಜಗಲಿಗೆ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ.

ಉಸಿರು ಕಟ್ಟಿ ಹಗ್ಗ ಹಿಡಿದು ಇಳಿದು ಮಗುವನ್ನು ಎತ್ತಿ ತಂದವನು ಪ್ರಾಯದ ಚಿಕ್ಕಮಾರಯ್ಯ. ಅವತ್ತು ಮುಚ್ಚಿದ ಹಗೇವಿನ ಬಾಯಿಯನ್ನು ಮತ್ತೆ ಯಾರೂ ತೆರೆಯಲಿಲ್ಲ. ಎರಡು ವರ್ಷಕ್ಕೆ ಗಂಡುಮಗು ಹುಟ್ಟಿದಾಗ ಗಂಗಿಯ ಹೆಸರೇ ಇರಲೆಂದು ಗಂಗಾಧರ ಎಂದು ಕರೆದರು. ಯಾಕೆಂದು ಅವನಿಗೆ ಹೇಳಲಿಲ್ಲ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಮಟೆ ಸದ್ದು ತೋಟದ ದಾರಿ ಹಿಡಿಯಿತು. ಗಂಡಸರೆಲ್ಲ ಹೆಣದ ಹಿಂದೆ ಹೋದರು. ಉಳಿದ ಹೆಂಗಸರು ಸೋಫಾಗಳನ್ನು ಸರಿಸಿ ಹಾಲ್‌ಗೆ ನೀರು ಹುಯ್ದರು. ನೀರು ಬಾಗಿಲ ಕಡೆಗೆ ಹರಿದು ಹೋಗಬೇಕಿತ್ತು. ಒಂದಷ್ಟು ಹೋಯಿತು. ಉಳಿದದ್ದು ಹನುಮಂತಮ್ಮ ಮಲಗಿದ್ದ ಟೈಲ್ಸಿನ ಸುತ್ತ ನಿಂತು, ಆ ಕಪ್ಪು ಸಂದಿಯೊಳಗೆ ಗುಳುಗುಳು ಸದ್ದು ಮಾಡುತ್ತ ಇಂಗಿತು.

ಸುಧಾ ಅಲ್ಲಿ ಹಣತೆ ಹಚ್ಚಿಟ್ಟಳು. ಆರಿತು. ಇನ್ನೊಂದು ಸಲ ಹಚ್ಚಿದಳು. ಅದೂ ಆರಿತು.

ತತ್ತೀನಿ ಇರವ್ವ. ಎಷ್ಟು ಸಲ ಕೇಳಿದ ಮಾತು! ತನಗೆ ಹೇಳುತ್ತಿದ್ದಾರೆಂದು ತಿಳಿದು ಎಷ್ಟು ಸಲ ಸ್ವಿಚ್ ಒತ್ತಿದ್ದಳು! ಇಡೀ ಜೀವಮಾನ ಒಂದು ದೀಪ ಕೈಯಲ್ಲಿ ಹಿಡಿದು ನಿಂತವಳಿಗೆ, ಅಷ್ಟುದ್ದ ವೈರಿಲ್ಲ ಎಂದುಬಿಟ್ಟಿದ್ದಳು. ಸುಧಾಳಿಗೆ ಅಳು ಒತ್ತರಿಸಿ ಬಂತು. ಬೆಳಗಿನಿಂದ ಬಾರದಿದ್ದ ಅಳು. ಅಳುತ್ತಲೇ ಹಿತ್ತಿಲಿಗೆ ಹೋಗಿ ತೆಂಗಿನಕಾಯಿ ಸುಲಿಯುವ ಜಾಗದಲ್ಲಿದ್ದ ಹಾರೆಯನ್ನು ಎತ್ತಿಕೊಂಡು ಬಂದಳು.

"ಅಮ್ಮಾ! ಟೈಲ್ಸು!" ಎಂದು ಇಂಪನಾ ಚೀರಿದಳು.

"ಸೂತಕದ ಮನೇಲಿ ಏನೇ ಇದು, ಬುದ್ಧಿ ಗಿದ್ಧಿ ಐತಾ ನಿಂಗೆ?" ಎಂದು ಯಾರೋ ಹೆಂಗಸು ತಡೆಯಲು ಬಂದಳು. ಓಬಳಮ್ಮ ಅವಳ ರಟ್ಟೆ ಹಿಡಿದಳು. "ಬುಡು ಅವಳ್ನ."

ಮೊದಲ ಏಟಿಗೆ ಟೈಲ್ಸು ಬಿರುಕು ಬಿಟ್ಟಿತು. ಎರಡನೆಯದಕ್ಕೆ ಚೂರಾಯಿತು. ಮರಳು ಬಳಿದರು. ಅಡಿಯ ಚಪ್ಪಡಿಗೆ ಹಾರೆ ಸಿಕ್ಕಿಸಿ ಇಂಪನಾ ಸಮೇತ ಎಲ್ಲರೂ ಮೀಟಿದರು. ಚಪ್ಪಡಿ ಸರಿಯಿತು. ಕೆಳಗಿನಿಂದ ಹಳೇ ರಾಗಿಯ ಮುಗ್ಗುಲು ವಾಸನೆ ಎದ್ದು ಬಂದು, ಫಾಲ್ಸ್ ಸೀಲಿಂಗಿನ ಹಾಲ್ ತುಂಬ ನಿಂತಿತು. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು ಹಿಂದೆ ಸರಿದರು.

ಅತ್ತೆ ಹುಣಸೇಹಣ್ಣು ತೂಗುತ್ತಿದ್ದ ತಕ್ಕಡಿಯ ತಟ್ಟೆಯಲ್ಲಿ ಹಣತೆಯಿಟ್ಟು, ಅದರ ಸರಪಣಿಗೆ ಹಗ್ಗ ಕಟ್ಟಿ, ಸುಧಾ ಇಳಿಬಿಟ್ಟಳು. ಮೊಳದಷ್ಟು ಇಳಿದದ್ದೇ ದೀಪ ಆರಿತು.

"ಗಾಳಿ ಆಡ್ಬೇಕು ಕಣವ್ವ," ಎಂದಳು ಓಬಳಮ್ಮ. "ಅವತ್ತು ನಾವು ಕಾಯ್ಲಿಲ್ಲ. ಇವತ್ತಾದ್ರೂ ಕಾಯವಾ."

ಮೊರ ತಂದು ಬೀಸಿದರು. ಮೊದಲು ಓಬಳಮ್ಮ, ಆಮೇಲೆ ಸುಧಾ, ಆಮೇಲೆ ತಡೆಯಲು ಬಂದಿದ್ದ ಹೆಂಗಸೂ. ಮತ್ತೆ ಇಳಿಸಿದರು. ಇನ್ನಷ್ಟು ಆಳಕ್ಕೆ ಹೋಗಿ ಆರಿತು. ಮತ್ತೆ ಬೀಸಿದರು. ಗೇಟಿನ ಹತ್ತಿರ ಗಂಡಸರ ಮಾತು ಕೇಳಿಸಿತು. ನಲ್ಲಿಯಲ್ಲಿ ಕಾಲು ತೊಳೆಯುವ ಸದ್ದು. ಸುಧಾ ಬಾಗಿಲಿಗೆ ಓಡಿದಳು.

"ಒಂದ್ ನಿಮಿಷ ಇರಿ. ಯಾರೂ ಒಳಗೆ ಬರಬೇಡಿ."

"ದೀಪ ನೋಡ್ಬೇಕಲ್ಲವ್ವ," ಎಂದ ಚಿಕ್ಕಮಾರಯ್ಯ.

"ಅದಕ್ಕೇ ಹೇಳ್ತಿರೋದು ಮಾವ, ಇರಿ."

ಒದ್ದೆ ಕಾಲಿನಲ್ಲಿ ಅವರು ಹೊರಗೇ ನಿಂತರು. ಸುಧಾ ಹಣತೆಗೆ ಎಣ್ಣೆ ತುಂಬಿ, ಹಚ್ಚಿ, ಮೊಣಕಾಲೂರಿ ಹಗ್ಗವನ್ನು ಒಂದೊಂದೇ ಗೇಣು ಬಿಟ್ಟಳು. ದೀಪ ಕುಗ್ಗಿತು. ಅವಳು ಕೈ ನಿಲ್ಲಿಸಿದಳು. "ದೀಪ ತಂದೆ ಕಣೇ, ತಂದೆ," ಎಂದು ಓಬಳಮ್ಮ ಗುಂಡಿಯೊಳಕ್ಕೆ ಪಿಸುಗುಟ್ಟುತ್ತಿದ್ದಳು. ಕುಗ್ಗಿದ ದೀಪ ಮೆಲ್ಲಗೆ ನೆಟ್ಟಗಾಯಿತು. ಸುಧಾ ಮತ್ತೆ ಹಗ್ಗ ಬಿಟ್ಟಳು, ಕೈಯಲ್ಲಿ ಭಾರ ಹಗುರಾಗಿ ತಟ್ಟೆ ತಳ ಮುಟ್ಟಿದ್ದು ಗೊತ್ತಾಗುವವರೆಗೂ. ದೀಪ ಅಲ್ಲಿ ನಿಂತು ಉರಿಯಿತು.

"ಬನ್ನಿ," ಎಂದಳು.

ಗಂಡಸರು ಒಬ್ಬೊಬ್ಬರೇ ಒಳಗೆ ಬಂದರು. ಒಡೆದ ಟೈಲ್ಸಿನ ಚೂರುಗಳನ್ನು ದಾಟಿ ನಡುವಿನ ಕಪ್ಪು ಬಾಯಿಯ ಸುತ್ತ ನಿಂತರು. ಒಬ್ಬೊಬ್ಬನೂ ಬಗ್ಗಿ, ಆಳದಲ್ಲಿ ಉರಿಯುವ ದೀಪ ನೋಡಿ, ಕೈಮುಗಿದು ಹೊರಗೆ ಹೋದ. ಚಿಕ್ಕಮಾರಯ್ಯ ಮಾತ್ರ ನೋಡಿದವನು ಏಳಲಾರದೆ ಅಲ್ಲೇ ಕುಕ್ಕರಿಸಿದ.

ಕೊನೆಗೆ ಗಂಗಾಧರ ಬಂದ. ತಲೆ ಬೋಳಿಸಿದ್ದ, ಒದ್ದೆ ಪಂಚೆ. "ಇದೇನು ಸುಧಾ?"

"ಅಮ್ಮ ತರ್ತೀನಿ ಅಂದಿದ್ದ ದೀಪ," ಎಂದಳು ಸುಧಾ. "ನಿಮ್ಮ ಅಕ್ಕನಿಗೆ."

ಅವನು ಅವಳ ಮುಖ ನೋಡಿದ, ದೊಡ್ಡಪ್ಪನ ಮುಖ ನೋಡಿದ. ನೆಲದ ಮೇಲೆ ಬೋರಲಾಗಿ ಎದೆಯಿಟ್ಟು ಬಗ್ಗಿದ. ಕೆಳಗಿನ ಬೆಳಕು ಒಳಗೋಡೆಯನ್ನು ಹತ್ತಿ ಮೇಲಕ್ಕೆ ಬಂದಿತ್ತು. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಗುಳಿಗಳು, ಒಂದರ ಕೆಳಗೊಂದು. ಗಂಗಾಧರ ಕೈ ಇಳಿಬಿಟ್ಟು ಎಲ್ಲಕ್ಕಿಂತ ಮೇಲಿನ ಗುಳಿಗೆ ಬೆರಳು ಹಾಕಿದ. ಅವನ ಮೂರು ಬೆರಳಿಗೇ ಅದು ತುಂಬಿಹೋಯಿತು.