ಸಾಲು ಮುರಿದರೆ ಮೈಕು ಪಕ್ಕದವರಿಗೆ

ನಾನು ಒಂದು ತಂತಿಯ ಮೈಕು. ತೂಕ ಮುನ್ನೂರ ಹತ್ತು ಗ್ರಾಂ. ದಿಲ್ಲಿಯ ಹೊರವಲಯದ ಕಾರ್ಖಾನೆಯೊಂದರಲ್ಲಿ 2011ರ ಮಾರ್ಚ್‌ನಲ್ಲಿ ನನ್ನ ಜೋಡಣೆ ಮುಗಿಯಿತು. ಎದೆಯೊಳಗೆ ಒಂದು ಅಯಸ್ಕಾಂತ, ತಾಮ್ರದ ಸಣ್ಣ ಸುರುಳಿ, ಮೇಲೊಂದು ತೆಳು ಪೊರೆ. ಎದುರಿಗಿದ್ದವರು ಉಸಿರಾಡಿದರೂ ಆ ಪೊರೆ ನಡುಗುತ್ತದೆ. ಸುಮ್ಮನಿರುವುದು ನನ್ನ ರಚನೆಯಲ್ಲೇ ಇಲ್ಲ.

ಮೊದಲ ಐದು ವರ್ಷ ಹುಬ್ಬಳ್ಳಿಯ ಪೆಂಡಾಲ್ ಅಂಗಡಿಯೊಂದರಲ್ಲಿದ್ದೆ. ಮದುವೆಗಳಲ್ಲಿ ಉಡುಗೊರೆ ಕೊಟ್ಟವರ ಹೆಸರು ಓದುವವರ ಕೈಯಲ್ಲೇ ಹೆಚ್ಚು ಕಾಲ ಕಳೆಯಿತು. ಅಂಗಡಿ ಮುಚ್ಚಿದಾಗ ರೈಲ್ವೆ ವರ್ಕ್‌ಶಾಪ್ ಹಿಂದಿನ ಕಾಲೊನಿಯ ಇಬ್ಬರು ಯುವಕರು ನನ್ನನ್ನು ಒಯ್ದರು. ದಾವಲ್ ರ‍್ಯಾಪ್ ಬರೆದು ಹೇಳುವವನು. ಸ್ಯಾಮ್ಸನ್ ಲ್ಯಾಪ್‌ಟಾಪಿನಲ್ಲಿ ಬೀಟ್ ಕಟ್ಟುವವನು. ತಂಡದ ಹೆಸರು ‘ಏಳನೇ ಬೋಗಿ’.

ಅವರಿಗಿದ್ದದ್ದು ನಾನೊಂದೇ ಮೈಕು. ಅದಕ್ಕಾಗಿ ದಾವಲ್ ಒಂದು ಕಾಯಿದೆ ಮಾಡಿದ. ಮಾತು ತಪ್ಪಿದರೆ, ಇಲ್ಲವೇ ತಾಳಕ್ಕಿಂತ ಹಿಂದೆ ಬಿದ್ದರೆ ಸಾಲು ಮುರಿದಂತೆ. ಮುರಿದವರು ಮೈಕನ್ನು ಪಕ್ಕದವರಿಗೆ ಕೊಡಬೇಕು. ಗಲ್ಲಿಯ ಎಷ್ಟೋ ಹುಡುಗರು ಬಂದರು, ಮುರಿದುಕೊಂಡು ಹೋದರು. ನಾನು ಕೈಯಿಂದ ಕೈಗೆ ಜಿಗಿಯುತ್ತ ಕೊನೆಗೆ ದಾವಲನ ಮುಷ್ಟಿಗೇ ಬರುತ್ತಿದ್ದೆ. ಆರು ವರ್ಷ ಅವನ ಸಾಲು ಮುರಿಯಲಿಲ್ಲ. ಸ್ಯಾಮ್ಸನ್‌ನ ಬೀಟು ನಿಮಿಷಕ್ಕೆ ತೊಂಬತ್ತು ಏಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಕ್ರಮೇಣ ಹಾಡುಗಳೆಲ್ಲ ಒಂದೇ ಥರ ಕೇಳಿಸತೊಡಗಿದವು. 2022ರಲ್ಲಿ ಸ್ಯಾಮ್ಸನ್ ಇಬ್ಬರನ್ನು ಕರೆತಂದ. ಒಬ್ಬರು ಹಲಗೆ ಬಾರಿಸುವ ಪರಸಪ್ಪ, ವಯಸ್ಸು ಐವತ್ತೆರಡು. ಇನ್ನೊಬ್ಬಳು ಗೀಗೀ ಪದ ಹಾಡುವ ಮನೆತನದ ಕಸ್ತೂರಿ, ಇಪ್ಪತ್ತೊಂದು. ಪರಸಪ್ಪ ಹಲಗೆಯ ಚರ್ಮವನ್ನು ಬೆಂಕಿಗೆ ಕಾಸಿ ಬಾರಿಸುತ್ತಿದ್ದರು. ಬಿಸಿಗೆ ಚರ್ಮ ಬಿಗಿದು ದನಿ ಏರಿದಂತೆ ಅವರ ಕೈಯೂ ಓಡುತ್ತಿತ್ತು; ಆರಿದಂತೆ ನಿಧಾನವಾಗುತ್ತಿತ್ತು. ಸ್ಯಾಮ್ಸನ್ ಅದನ್ನು ರೆಕಾರ್ಡ್ ಮಾಡಿ ತೊಂಬತ್ತಕ್ಕೆ ಕಟ್ಟಿಹಾಕಿ ನೋಡಿದ. ಹಲಗೆ ಸತ್ತಂತೆ ಕೇಳಿಸಿತು. ಹಾಗಾಗಿ ಎದುರಿಗೇ ಬಾರಿಸುವುದೆಂದಾಯಿತು.

ಕಸ್ತೂರಿ ಅದರ ಮೇಲೆ ಸಲೀಸಾಗಿ ಸಾಲು ಹೇಳಿದಳು. ದಾವಲ್ ಮಾತ್ರ ತಡವರಿಸುತ್ತಿದ್ದ. ಮುರಿಯುವ ಮೊದಲೇ ನೀರು ಕುಡಿಯುವ ನೆಪ ತೆಗೆಯುತ್ತಿದ್ದ. ತಾನೇ ಕಟ್ಟಿದ ತಂಡದಲ್ಲಿ ತನ್ನ ಜಾಗ ಹೋದೀತೆಂಬ ಹೆದರಿಕೆ ಅವನ ಅಂಗೈಯ ಬೆವರಿನಲ್ಲಿ ನನಗೆ ತಿಳಿಯುತ್ತಿತ್ತು.

“ದಾವಲಣ್ಣಾ, ನೀವು ರೈಲಿನಂಗ ಹಳಿ ಮ್ಯಾಲಷ್ಟ ಓಡ್ತೀರಿ,” ಎಂದಳು ಕಸ್ತೂರಿ. “ಒಂದೀಟ ಇಳದ ನಡೀರಿ.”

ಎಲ್ಲರೂ ನಕ್ಕರು. ಅವನೂ ನಕ್ಕ. ನನ್ನ ಮೇಲಿನ ಹಿಡಿತ ಬಿಗಿಯಾಯಿತು.

ಮುಂದಿನ ಕಾರ್ಯಕ್ರಮ ಧಾರವಾಡದ ಕಾಲೇಜೊಂದರ ಸಭಾಂಗಣದಲ್ಲಿ, ಮಧ್ಯಾಹ್ನ ಮೂರಕ್ಕೆ. ಒಳಗೆ ಬೆಂಕಿ ಹಚ್ಚುವಂತಿರಲಿಲ್ಲ. ಪರಸಪ್ಪ ಹಲಗೆ ಕಾಸಲು ಹಿಂದಿನ ಮೈದಾನಕ್ಕೆ ಹೋದರು. ಅವರು ಮರಳುವ ಮೊದಲೇ ದಾವಲ್ ಹಳೆಯ ಬೀಟ್ ಹಾಕುವಂತೆ ಸ್ಯಾಮ್ಸನ್‌ಗೆ ಸನ್ನೆ ಮಾಡಿ ಶುರುಮಾಡಿಬಿಟ್ಟ. ಹನ್ನೆರಡು ಸಾಲು ಸರಾಗವಾಗಿ ಹೋದವು. ಆಗ ಪರಸಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು. ಹಲಗೆ ಆರುವ ಮುನ್ನ ಬಾರಿಸಬೇಕೆಂದು ನಡೆಯುತ್ತಲೇ ಬಾರಿಸಿದರು. ವೇಗ ನೂರು ದಾಟಿತ್ತು. ಸಭೆ ಎದ್ದು ಅತ್ತ ತಿರುಗಿತು. ಎರಡು ತಾಳಗಳ ನಡುವೆ ಸಿಕ್ಕಿ ದಾವಲನ ಸಾಲು ಮುರಿಯಿತು. ಸ್ಯಾಮ್ಸನ್ ಬೀಟ್ ನಿಲ್ಲಿಸಿದ.

ಮೂರು ಸೆಕೆಂಡ್ ದಾವಲ್ ನನ್ನನ್ನು ಬಿಡಲಿಲ್ಲ. ಪಕ್ಕದಲ್ಲಿದ್ದ ಕಸ್ತೂರಿ ಕೈ ಚಾಚಲೂ ಇಲ್ಲ.

“ತಗೋವಾ,” ಎಂದ ಅವನು. “ಕಾಯ್ದೆ ನಂದಽ ಐತಿ.”

ಆ ಮಾತನ್ನು ನಾನು ಇಡೀ ಸಭಾಂಗಣಕ್ಕೆ ಕೇಳಿಸಿದೆ. ಕಸ್ತೂರಿ ಇಪ್ಪತ್ತನಾಲ್ಕು ಸಾಲು ಹೇಳಿದಳು. ಹಿಂದೆ ನಿಂತು ‘ಗೀಯ ಗಾ’ ಎಂದು ಹಿಮ್ಮೇಳ ಹಿಡಿದವನು ದಾವಲ್. ಅವನ ದನಿ ನನಗೆ ಅರ್ಧ ಮಾತ್ರ ತಲುಪಿತು.

ಆಮೇಲೆ ಒಂಬತ್ತು ದಿನ ಅವನು ತಾಲೀಮಿಗೆ ಬರಲಿಲ್ಲ. ಹತ್ತನೆಯ ದಿನ ಬಂದ.

ಕಳೆದ ವರ್ಷ ನಾನು ವೇದಿಕೆಯಿಂದ ಬಿದ್ದು ಪೊರೆ ಹರಿಯಿತು. ತಂಡಕ್ಕೆ ನಾಲ್ಕು ವೈರ್‌ಲೆಸ್ ಮೈಕು ಬಂದವು. ಈಗ ಯಾರೂ ಯಾರಿಗೂ ಬಿಟ್ಟುಕೊಡಬೇಕಿಲ್ಲ. ಅದು ಒಳ್ಳೆಯದಾಯಿತೇ ಎಂಬುದನ್ನು ಸ್ಯಾಮ್ಸನ್ ಮನೆಯ ಕಪಾಟಿನಲ್ಲಿ, ಹಳೆಯ ತಂತಿಗಳ ನಡುವೆ ಮಲಗಿ ಯೋಚಿಸುತ್ತೇನೆ. ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಮೈಕು ಹಿಡಿಯಲು ಎಲ್ಲರೂ ಕಲಿಯುತ್ತಾರೆ. ಬಿಡಲು ಕಲಿತವನನ್ನು ನಾನು ಕಂಡದ್ದು ಒಬ್ಬನನ್ನೇ.

ಪ್ರತಿ ಭಾನುವಾರ ಬೆಳಿಗ್ಗೆ ದಾವಲ್ ಉಳಿದವರಿಗಿಂತ ಮೊದಲು ಇಲ್ಲಿಗೆ ತಾಲೀಮಿಗೆ ಬಂದು, ನನ್ನನ್ನು ಎತ್ತಿಕೊಂಡು, ತಂತಿಯಿಲ್ಲದೆಯೇ ಅಂಗಳದಲ್ಲಿ ಪರಸಪ್ಪನವರ ಎದುರು ನಿಲ್ಲುತ್ತಾನೆ.

“ಲಗೂನ ಹೇಳಪಾ, ಹಲಗಿ ಆರಾಕತ್ತೈತಿ,” ಎನ್ನುತ್ತಾರೆ ಅವರು.

ಮೊನ್ನೆ ಎಂಟು ಸಾಲು ಬಂದವು. ಒಂಬತ್ತನೆಯದು ಮುರಿಯಿತು. ದಾವಲ್ ನನ್ನನ್ನು ಬಲಗೈಯಿಂದ ಎಡಗೈಗೆ ಕೊಟ್ಟು, ಮತ್ತೆ ಮೊದಲಿನಿಂದ ಹೇಳತೊಡಗಿದ.