ಏರದ ಇಳಿಯದ ಗೆರೆ

ದಲ್ಲಾಳಿಯ ಕಚೇರಿಯಲ್ಲಿ ಅವಳಿಗೆ ನೆಟ್ಟಗಮ್ಮ ಎಂದು ಹೆಸರಿಟ್ಟಿದ್ದರು. ಮಾರಾಟಕ್ಕಿರುವ ಮನೆಗಳ ಫೋಟೋ ತೆಗೆಯುವುದು ಅವಳ ಕೆಲಸ. ಕೋಣೆಯ ಮೂಲೆಗೆ ಬೆನ್ನು ಹಚ್ಚಿ ನಿಂತು, ಕ್ಯಾಮೆರಾವನ್ನು ಎದೆಮಟ್ಟಕ್ಕೆ ಹಿಡಿದು, ಗೋಡೆ ಬಾಗಿಲುಗಳ ಗೆರೆ ನೆಟ್ಟಗೆ ಬರುವ ತನಕ ಜಪ್ಪಯ್ಯ ಅಂದರೂ ಗುಂಡಿ ಒತ್ತದ ಹೆಂಗಸು. ನೆಲದ ಟೈಲ್ಸ್ ಸಾಲು ಓಡಿ ಹೋಗಿ ಕಿಟಕಿಯ ಬೆಳಕನ್ನು ಮುಟ್ಟಬೇಕು. ಹಾಗೆ ತೆಗೆದರೆ ಬೆಂಕಿಪೊಟ್ಟಣದಂಥ ಕೋಣೆಯೂ ಬಯಲಿನಷ್ಟು ಕಾಣುತ್ತದೆ, ಕೊಳ್ಳಲು ಬಂದವರು ಬಾಯಿ ಬಾಯಿ ಬಿಡುತ್ತಾರೆ. ಈ ಚಾಳಿ ಅವಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಯಾರ ಮನೆಗೆ ಹೋದರೂ ಸೊಟ್ಟಗೆ ನೇತಾಡುವ ಕ್ಯಾಲೆಂಡರನ್ನು ಸರಿಮಾಡದೆ ಕೊಟ್ಟ ನೀರನ್ನೂ ಕುಡಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ದಲ್ಲಾಳಿ ಫೋನ್ ಮಾಡಿದ.

"ಮೇಡಂ, ಯಾರೋ ಮನೆಯವರೇ ಮೊಬೈಲಲ್ಲಿ ಫೋಟೋ ತೆಗ್ದು ಕಳ್ಸಿದಾರೆ. ಪರವಾಗಿಲ್ಲ, ಮೂಲೆಯಿಂದಾನೇ ತೆಗ್ದಿದಾರೆ. ಸ್ವಲ್ಪ ಗೆರೆ ಸರಿಮಾಡಿ, ಬೆಳಕು ಏರಿಸಿ ಕೊಡ್ತೀರಾ?"

"ಕಳ್ಸಿ," ಎಂದಳು. ಕಂಪ್ಯೂಟರಿನಲ್ಲಿ ಮೊದಲ ಫೋಟೋ ತೆರೆದುಕೊಂಡಿತು. ಅದು ಅವಳದೇ ಮನೆಯ ನಡುಮನೆ. ಇವರದೇ ಗಾಜಿನ ಬೀರು, ಇವರದೇ ಕಾಲು ಕುಂಟುವ ಮೇಜು. ಎರಡನೆಯದು ಅಡುಗೆಮನೆ. ಮೂರನೆಯದು ಮೆಟ್ಟಿಲ ಬುಡ, ಕಟಕಟೆಯ ಗೆರೆ ಮೇಲಕ್ಕೆ ಹತ್ತಿ ಹೋಗಿ ಫೋಟೋದ ಅಂಚಿನಲ್ಲಿ ಕಡಿದುಹೋಗಿತ್ತು. ಮಹಡಿಯ ಮೇಲಿನ ಕೋಣೆಯ ಫೋಟೋ ಮಾತ್ರ ಇರಲಿಲ್ಲ.

ಆ ಮಹಡಿಯ ಕೋಣೆಯಲ್ಲೇ ಅವಳು ಆಗ ಕೂತಿದ್ದದ್ದು. ಗಂಡನ ಮನೆಯ ಸಹವಾಸ ಸಾಕೆಂದು ಎದ್ದು ಬಂದ ಮೇಲೆ ಅವಳಿಗೆ ಈ ಭೂಮಿಯ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಒಂದು ಕಿಟಕಿ, ಒಂದು ಮಂಚ, ಕೆಲಸದ ಮೇಜು. ಮನೆ ಅಮ್ಮನ ಹೆಸರಿನಲ್ಲಿತ್ತು. ಕೆಳಗೆ ಅಮ್ಮ, ಅಣ್ಣ, ಅತ್ತಿಗೆ. ಅಮ್ಮ ಸೊಂಟ ಮುರಿದುಕೊಂಡ ಮೇಲೆ ಗಾಲಿಕುರ್ಚಿಯಲ್ಲೇ ಮನೆ ತುಂಬ ಓಡಾಡುತ್ತಿದ್ದಳು. ಮನೆ ಮಾರಿದರೆ ಅಣ್ಣ ಅತ್ತಿಗೆ ಇನ್ನೆಲ್ಲೋ ಮನೆ ಹಿಡಿಯುತ್ತಾರೆ, ಅಮ್ಮನನ್ನು ಕರೆದೊಯ್ಯುತ್ತಾರೆ. ಇವಳನ್ನು?

"ಯಾರು ಕಳ್ಸಿದ್ದು ಇದನ್ನ?" ಎಂದು ದಲ್ಲಾಳಿಯನ್ನು ಕೇಳಿದಳು.

"ಯಾರೋ ಹೆಂಗ್ಸು ಮೇಡಂ. ಮಾರೋದು ಗಟ್ಟಿ ಆದ್ಮೇಲೆ ಹೆಸರು, ವಿಳಾಸ ಎಲ್ಲಾ ಕೊಡ್ತೀನಿ ಅಂದ್ರು. ಯಾಕೆ?"

"ಏನಿಲ್ಲ. ಸುಮ್ನೆ ಕೇಳ್ದೆ."

ಕೆಳಗಿಳಿದು ಹೋಗಿ, "ಏನಿದು?" ಎಂದು ಒಂದು ಮಾತು ಕೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ ಪುಣ್ಯಾತಗಿತ್ತಿ. ಕೇಳಿದರೆ ಎಚ್ಚರಗೊಂಡುಬಿಡುತ್ತಾರೆ, ಮೊದಲು ಸಾಕ್ಷಿ ಸಿಗಲಿ ಎಂದು ಬಾಗಿಲು ಹಾಕಿಕೊಂಡು ಫೋಟೋದ ಮುಂದೆ ಕೂತಳು.

ಫೋಟೋದಲ್ಲಿ ತೆಗೆದವರು ಕಾಣದಿದ್ದರೂ ಅವರ ಎತ್ತರ ಕಾಣುತ್ತದೆ, ಅದು ಅವಳಿಗೆ ಗೊತ್ತು. ಕ್ಯಾಮೆರಾಗಿಂತ ಮೇಲಿರುವ ಗೆರೆಗಳು ದೂರ ಹೋದಂತೆ ಇಳಿಯುತ್ತವೆ, ಕೆಳಗಿರುವವು ಏರುತ್ತವೆ. ಏರದೆ ಇಳಿಯದೆ ಮಟ್ಟಸವಾಗಿ ಹೋಗುವ ಗೆರೆ ಯಾವುದೋ ಅದೇ ಕ್ಯಾಮೆರಾ ಇದ್ದ ಎತ್ತರ. ಬಾಗಿಲ ಮೇಲಿನ ಪಟ್ಟಿ ಇಳಿಯುತ್ತಿತ್ತು. ಮೇಜಿನ ಅಂಚು ಏರುತ್ತಿತ್ತು. ಗಾಜಿನ ಬೀರುವಿನ ನಡುವಿನ ಹಲಗೆ ಮಾತ್ರ ದಾರ ಹಿಡಿದು ಎಳೆದ ಹಾಗೆ ಅಡ್ಡಡ್ಡ ಹೋಗಿತ್ತು. ಅವಳು ಅದರ ಮೇಲೆ ಕೆಂಪು ಗೆರೆ ಎಳೆದಳು.

ಆಮೇಲೆ ನೀರು ಕುಡಿಯುವ ನೆಪ ಮಾಡಿಕೊಂಡು ಕೆಳಗಿಳಿದು ಬೀರುವಿನ ಪಕ್ಕ ನಿಂತಳು. ಹಲಗೆ ಅವಳ ಎದೆಗಿಂತ ಕೆಳಗಿತ್ತು. ಅಣ್ಣನಂತೂ ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಆಸಾಮಿ, ಅವನಿಗೆ ಅದು ಹೊಟ್ಟೆಯ ಮಟ್ಟ. ಅಷ್ಟರಲ್ಲಿ ಅತ್ತಿಗೆ ತಟ್ಟೆಗಳನ್ನು ತಂದು ಬೀರುವಿನ ಮುಂದೆ ನಿಂತಳು. ಅತ್ತಿಗೆ ಕುಳ್ಳಿ. ಮೇಲಿನ ಡಬ್ಬಿ ಇಳಿಸಬೇಕೆಂದರೆ ಸ್ಟೂಲು ಬೇಕು. ಹಲಗೆ ಸರಿಯಾಗಿ ಅವಳ ಎದೆಮಟ್ಟಕ್ಕೆ ಬಂತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ!

"ಏನ್ ಪುಟ್ಟಿ, ಹಾಗೆ ನೋಡ್ತಿದ್ದೀಯ?" ಎಂದಳು ಅತ್ತಿಗೆ.

"ಏನಿಲ್ಲ ಅತ್ತಿಗೆ."

ಅಂದಿನಿಂದ ಅತ್ತಿಗೆ ಕೂತರೂ ತಪ್ಪು, ನಿಂತರೂ ತಪ್ಪು. ಅತ್ತಿಗೆ ಕುರ್ಚಿ ಸರಿಸಿದರೆ ಕೋಣೆ ದೊಡ್ಡದಾಗಿ ಕಾಣಲಿ ಎಂದು ಸರಿಸಿದ್ದಾಳೆ. ಅತ್ತಿಗೆ ಕಿಟಕಿ ಒರೆಸಿದರೆ ಕೊಳ್ಳುವವರು ಬರುವವರಿದ್ದಾರೆ. ಒಮ್ಮೆ ಅತ್ತಿಗೆ, "ನಿನ್ನ ರೂಮಿಗೆ ಹೊಸ ಪರದೆ ಹಾಕ್ಸೋಣ್ವಾ? ಹಳೇದು ಪೂರ್ತಿ ಬಿಳಚಿಹೋಗಿದೆ," ಎಂದಾಗ ಇವಳಿಗೆ ಮೈಯೆಲ್ಲ ಉರಿದುಹೋಯಿತು. ಮಾರುವ ಮನೆಗೆ ಸಿಂಗಾರ ಮಾಡುತ್ತಿದ್ದಾಳೆ, ಅದೂ ನನ್ನನ್ನೇ ಕೇಳಿಕೊಂಡು! ಮಧ್ಯಾಹ್ನ ಅಮ್ಮನ ಕೋಣೆಯಲ್ಲಿ ಅತ್ತಿಗೆಯ ಪಿಸುಮಾತು ಕೇಳಿಸುತ್ತಿತ್ತು, ಇವಳು ಬಾಗಿಲಿಗೆ ಬಂದರೆ ಗಪ್‌ಚಿಪ್. ಅತ್ತಿಗೆ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದಳು. ಅಮ್ಮನ ಮುಂದೆ ಮೊಸಳೆ ಕಣ್ಣೀರು ಸುರಿಸಿ ಸಹಿ ಹಾಕಿಸಿಕೊಳ್ಳುವ ಹುನ್ನಾರ ಎಂದು ಇವಳು ತೀರ್ಮಾನಿಸಿಬಿಟ್ಟಳು. ಸಂಶಯದ ಕಣ್ಣಿಗೆ ಅತ್ತವಳು ಯಾಕೆ ಅತ್ತಳು ಎಂಬುದು ಹೊಳೆಯಬೇಕಲ್ಲ, ಎಲ್ಲಿಂದ ಹೊಳೆದೀತು.

ರಜೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಅವಳು ಕೆಂಪು ಗೆರೆ ಎಳೆದ ಫೋಟೋವನ್ನು ಪ್ರಿಂಟ್ ಮಾಡಿ ತಂದು ಅತ್ತಿಗೆಯ ತಟ್ಟೆಯ ಪಕ್ಕ ಇಟ್ಟಳು.

"ಇದನ್ನ ತೆಗ್ದಿದ್ದು ನೀವೇ ಅಲ್ವಾ ಅತ್ತಿಗೆ?"

ಅತ್ತಿಗೆ ಫೋಟೋ ನೋಡಿದಳು, ಮುಖ ಬಿಳಿಚಿಕೊಂಡಿತು. ಇವಳಿಗೆ ಅಷ್ಟೇ ಸಾಕಾಯಿತು.

"ಸುಳ್ಳು ಹೇಳ್ಬೇಡಿ. ನೋಡಿ ಈ ಗೆರೆ. ಇಷ್ಟು ಕೆಳಗಿಂದ ಫೋಟೋ ತೆಗೆಯೋರು ಈ ಮನೇಲಿ ನೀವೊಬ್ರೇ. ನನ್ನ ಕಣ್ಣಿಗೆ ಮಣ್ಣೆರಚ್ಬೋದು ಅಂದ್ಕೊಂಡ್ರಾ?"

"ಏನೇ ಇದು?" ಎಂದ ಅಣ್ಣ, ಕಲಸಿದ ತುತ್ತು ಕೈಯಲ್ಲೇ ಉಳಿಯಿತು.

"ನಿನ್ನ ಹೆಂಡ್ತೀನ ಕೇಳು. ನಮ್ಮ ಮನೇನ ನನ್ನ ದಲ್ಲಾಳಿ ಹತ್ರಾನೇ ಮಾರಕ್ಕಿಟ್ಟಿದಾರೆ. ಮೇಲಿನ ರೂಮು ಒಂದು ಲೆಕ್ಕಕ್ಕೇ ಇಲ್ಲ, ಅದರ ಫೋಟೋನೂ ತೆಗ್ದಿಲ್ಲ! ನಾನು ವಾಪಸ್ ಬಂದ ದಿನದಿಂದ ನಿಮ್ಗೆ ನಾನು ಗಂಟಲಲ್ಲಿ ಸಿಕ್ಕಿದ ಮುಳ್ಳು, ಅಲ್ವಾ ಅತ್ತಿಗೆ? ಮಾತಲ್ಲಿ ಬೆಲ್ಲ, ಒಳಗೆಲ್ಲ ವಿಷ. ಮನೆಹಾಳಿ ನೀವು."

ಹೇಳಬಾರದ ಮಾತು ಬಾಯಿಂದ ಬಿದ್ದೇಹೋಗಿತ್ತು. ಅಮ್ಮನ ಕುರ್ಚಿಯ ಗಾಲಿ ಕಿರ್ರೆಂದಿತು. ಅಮ್ಮ ಮೇಜಿನ ಪಕ್ಕಕ್ಕೆ ಬಂದು, ಕೈ ಚಾಚಿ ಆ ಫೋಟೋ ಎತ್ತಿಕೊಂಡಳು.

"ಇದು ನಾನು ತೆಗ್ದಿದ್ದು ಕಣೇ," ಎಂದಳು.

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅಮ್ಮನನ್ನು ನೋಡಿದಳು. ಕುರ್ಚಿಯಲ್ಲಿ ಕೂತ ಅಮ್ಮನ ಕಣ್ಣು ಬೀರುವಿನ ನಡುವಿನ ಹಲಗೆಯ ನೇರಕ್ಕಿತ್ತು. ಫೋಟೋ ಎಂದರೆ ನಿಂತೇ ತೆಗೆಯುವುದು, ಎದೆಮಟ್ಟಕ್ಕೆ ಹಿಡಿದೇ ತೆಗೆಯುವುದು ಎಂದು ಅವಳ ಕಸುಬು ಅವಳಿಗೆ ಕಲಿಸಿಬಿಟ್ಟಿತ್ತು. ಕೂತವರೂ ಕಣ್ಣಿನ ಮಟ್ಟಕ್ಕೆ ಹಿಡಿದು ಫೋಟೋ ತೆಗೆದಾರೆಂಬುದು ಅವಳ ತಲೆಗೇ ಬಂದಿರಲಿಲ್ಲ.

"ಮೂಲೆಗೆ ಹೋಗ್ಬೇಕು, ಗೋಡೆ ನೆಟ್ಟಗಿರ್ಬೇಕು ಅಂತ ದಿನಾ ನೀನೇ ಒದರ್ತಿರ್ತೀಯಲ್ಲ, ಕೇಳಿ ಕೇಳಿ ಬಂತು. ದಲ್ಲಾಳಿ ನಂಬರ್ರೂ ನಿನ್ನ ಕಾರ್ಡಲ್ಲೇ ಸಿಕ್ತು. ಅವನು ತಿರುಗಿ ನಿನ್ಗೇ ಕಳಿಸ್ತಾನೆ ಅಂತ ನಂಗೇನ್ ಗೊತ್ತು? ಮೇಲೆ ಹತ್ತಕ್ಕೆ ನನ್ನ ಕೈಲಾಗುತ್ತಾ, ಅದಕ್ಕೇ ಆ ರೂಮಿನ ಫೋಟೋ ಇಲ್ಲ."

"ಯಾಕಮ್ಮ?" ಎಂದಳು.

"ಯಾಕಾ? ನಾನು ಕಣ್ಮುಚ್ಚಿದ ಮೇಲೆ ನೀವು ನೀವೇ ಒಬ್ಬರನ್ನೊಬ್ಬರು ಹರ್ಕೊಂಡು ತಿಂತೀರ ಅಂತ ಭಯ ಕಣೇ. ನಾನಿರೋವಾಗ್ಲೇ ಮಾರಿ ಹಂಚಿಬಿಡೋಣ ಅಂದ್ಕೊಂಡೆ. ನಿನ್ನ ಅತ್ತಿಗೆಗೊಬ್ಬಳಿಗೇ ಹೇಳಿದ್ದು. ಹೇಳಿದಾಗಿಂದ ಬೇಡ ಬೇಡ ಅಂತ ನನ್ನ ಕಾಲು ಬಿಟ್ಟಿಲ್ಲ. 'ಮೇಲಿನ ರೂಮು ಹೋದ್ರೆ ಪುಟ್ಟಿ ಎಲ್ಲಿ ಹೋಗ್ತಾಳೆ ಅತ್ತೆ? ನಾವು ಕಿತ್ತಾಡೋ ಜನ ಅಲ್ಲ, ನನ್ನ ಮಾತು ನಂಬಿ' ಅಂತ ದಿನಾ ಅಳು. ನಂಗೂ ಹೌದು ಅನ್ನಿಸ್ತು. ನಾಳೆ ಫೋನ್ ಮಾಡಿ ದಲ್ಲಾಳಿಗೆ ಬೇಡ ಅನ್ನೋಳಿದ್ದೆ."

ಅವಳಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. "ಅತ್ತಿಗೆ," ಎಂದು ಕೈ ಚಾಚಿದಳು.

ಅತ್ತಿಗೆ ಎದ್ದು, ತಟ್ಟೆಯನ್ನು ಎತ್ತಿ, ಎಂಜಲು ಕೈಯನ್ನು ನಿಧಾನವಾಗಿ ತೊಳೆದುಕೊಂಡು, ಸೀರೆಯ ಸೆರಗಿಗೆ ಒರೆಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಾಳೆ ಫೋನ್ ಮಾಡ್ಬೇಡಿ ಅತ್ತೆ," ಎಂದಳು. "ನೀವು ಅಂದ್ಕೊಂಡಿದ್ದೇ ಸರಿ. ಮಾರ್ಬಿಡಿ."

ಅವಳು ಅಣ್ಣನ ಕಡೆ ನೋಡಿದಳು. ಅಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಅಮ್ಮ ಫೋಟೋವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಒಮ್ಮೆ ಸವರಿದಳು. ಆಮೇಲೆ ಅದನ್ನು ಮಗಳ ಕೈಗೆ ಕೊಟ್ಟಳು.

"ಗೆರೆ ಸರಿಮಾಡಿ ಕಳ್ಸಿಬಿಡಮ್ಮ," ಎಂದಳು. "ಮೇಲಿನ ರೂಮಿಂದು ನೀನೇ ತೆಗಿ."