ಏಳನೆಯ ವಿಸಿಲ್

ಗಲ್ಫಿನ ಸತ್ವಾ ಬಡಾವಣೆಯ ಆ ಹಳೆಯ ವಿಲ್ಲಾದಲ್ಲಿ ಐದು ಸಂಸಾರಗಳ ನಡುವೆ ಇದ್ದದ್ದು ಬರೀ ಪ್ಲೈವುಡ್. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಅಲ್ಲಿ ಗೋಡೆಯೇ ಕಿವಿ. ಹಾಗಾಗಿ ಎಲ್ಲರೂ ಒಂದು ನೇಮ ಪಾಲಿಸುತ್ತಿದ್ದರು: ಪಕ್ಕದ ಕೋಣೆಯಿಂದ ಏನೇ ಕೇಳಿದರೂ ಕೇಳಿಸದವರಂತೆ ಇರಬೇಕು. ಜೋಯ್ಲಿನ್ ಈ ನೇಮವನ್ನು ಒಮ್ಮೆ ಮುರಿದಿದ್ದಳು. ಪಕ್ಕದ ಫೆಲ್ಸಿಗೂ ಅವಳ ಗಂಡ ಡಿಕ್ಸನ್‌ಗೂ ಜಗಳ ಹತ್ತಿದಾಗ ಹೋಗಿ ಬಾಗಿಲು ತಟ್ಟಿದ್ದಳು. ತುಂಬು ಬಸುರಿ ಫೆಲ್ಸಿ ಹೊರಗೆ ಬಂದು, "ಇನ್ನು ನಮ್ಮ ಬಾಗಿಲಿಗೆ ಕೈ ಹಾಕ್ಬೇಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು.

ಅದಾಗಿ ಮೂರು ವಾರ. ಶುಕ್ರವಾರ ಮಧ್ಯಾಹ್ನ, ಡಿಕ್ಸನ್ ಡ್ಯೂಟಿಗೆ ಹೋಗಿದ್ದ. ಪಕ್ಕದಲ್ಲಿ ಫೆಲ್ಸಿಯ ಕುಕ್ಕರ್ ಕೂಗತೊಡಗಿತು. ಅವಳದು ಯಾವತ್ತೂ ಮೂರೇ ವಿಸಿಲ್. ನಾಲ್ಕನೆಯದು ಕೂಗಿದಾಗ ಜೋಯ್ಲಿನ್‌ಳ ಕೈ ತಟ್ಟೆಯಲ್ಲೇ ನಿಂತಿತು.

"ಫೆಲ್ಸಿ ಯಾಕೋ ಕುಕ್ಕರ್ ಇಳಿಸ್ಲಿಲ್ಲ."

"ಬಾತ್‌ರೂಮಿಗೆ ಹೋಗಿರ್ಬಹುದು. ಊಟ ಮಾಡು ಮಾರಾಯ್ತಿ," ಎಂದ ಗಂಡ ಹರ್ಬರ್ಟ್.

ಐದು. ಆರು. ಕುರ್ಚಿ ಸರಿಸಿ ಎದ್ದಳು.

"ಮತ್ತೆ ಮರ್ಯಾದೆ ತೆಗೆಸ್ಕೊಳ್ಳುದಾ? ಊರ ಉಸಾಬರಿ ನಮಗೆಂತಕ್ಕೆ? ಕೂತ್ಕೊ."

ಕೂತಳು. ಹೌದು, ಕೂತಳು! ಹನ್ನೆರಡು ವರ್ಷ ನರ್ಸ್ ಕೆಲಸ ಮಾಡಿದವಳು, ಫೆಲ್ಸಿಯ ಆ ಒಂದು ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತ ಕೂತಳು.

ಏಳನೆಯದೂ ಕೂಗಿತು.

ಆಮೇಲೆ ಅವಳು ಯಾರ ಮಾತನ್ನೂ ಕೇಳಲಿಲ್ಲ. ಪಕ್ಕದ ಬಾಗಿಲು ತಟ್ಟಲಿಲ್ಲ, ಕರೆಯಲೂ ಇಲ್ಲ. ಭುಜ ಕೊಟ್ಟು ಗುದ್ದಿದಳು. ಎರಡನೆಯ ಗುದ್ದಿಗೆ ಚಿಲಕ ಕಿತ್ತುಬಂತು. ಬಾಗಿಲ ಜೊತೆಗೇ ಒಳಗೆ ನುಗ್ಗಿದಳು. ಫೆಲ್ಸಿ ನೆಲದ ಮೇಲೆ ಬಿದ್ದಿದ್ದಳು, ನೈಟಿ ರಕ್ತದಲ್ಲಿ ನೆನೆದಿತ್ತು.

ಆಸ್ಪತ್ರೆಯಲ್ಲಿ ತಾಯಿ ಉಳಿದಳು. ಮಗು ಉಳಿಯಲಿಲ್ಲ. ಡಿಕ್ಸನ್ ಜೋಯ್ಲಿನ್‌ಳ ಕೈ ಹಿಡಿದು, "ದೇವರ ಹಾಗೆ ಬಂದ್ರಿ" ಎಂದು ಅತ್ತ. ಹರ್ಬರ್ಟ್ ಪಕ್ಕದಲ್ಲೇ ನಿಂತು, "ನಾನೇ ಕಳಿಸಿದ್ದು" ಎಂದ. ಆ ಬಾಯಿಗೆ ಬೀಗ ಹಾಕಬೇಕಿತ್ತು!

ಮರುದಿನ ಫೆಲ್ಸಿಯ ಹತ್ತಿರ ಜೋಯ್ಲಿನ್ ಒಬ್ಬಳೇ ಇದ್ದಳು.

"ಬಿದ್ದಾಗ ಸ್ವರವೇ ಹೊರಡ್ಲಿಲ್ಲ ಅಕ್ಕ," ಎಂದಳು ಫೆಲ್ಸಿ. "ಆದ್ರೆ ಎಲ್ಲ ಕೇಳ್ತಾ ಇತ್ತು. ಆರನೇ ವಿಸಿಲಿಗೆ ನಿಮ್ಮ ಕುರ್ಚಿ ಸರೀತು. ಬಂದ್ರು ಅಂದ್ಕೊಂಡೆ."

ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, "ಮತ್ತೆ ಕೂತ್ರಿ," ಎಂದಳು.

ಆ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಜೋಯ್ಲಿನ್ ಒಮ್ಮೆಲೇ, ತಡೆಯಲಾರದೆ, ಗೋಳೋ ಎಂದು ಅತ್ತುಬಿಟ್ಟಳು. ವಾರ್ಡಿನವರೆಲ್ಲ ಕೇಳಿಸದವರಂತೆ ಮುಖ ತಿರುಗಿಸಿದರು.